ಮೊದಲು ಕರಗಿದ್ದೇ ಕಲ್ಲುಸಕ್ಕರೆ

ಗೊತ್ತಿದ್ದವನಿಗೆ ಸುಮ್ಮನಿರುವುದು ಬಹಳ ಕಷ್ಟ. ಹೊಸನಗರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಕೆಮಿಸ್ಟ್ರಿ ಕಲಿಸುತ್ತಿರುವ ನನಗಂತೂ ಈ ರೋಗ ಹಳೆಯದು. ಮೂರು ವರ್ಷದ ಹಿಂದೆ, ಮೇಳಿಗೆಯಲ್ಲಿ ಹೆಂಡತಿಯ ಅಣ್ಣನ ಗೃಹಪ್ರವೇಶದ ಊಟಕ್ಕೆ ಕೂತಿದ್ದೆವು. ತಮ್ಮ ಮನೆಯ ಉಪ್ಪಿನಲ್ಲಿ ಕೆಮಿಕಲ್ಲೇ ಇಲ್ಲ ಎಂದರು ಭಾವ. ಉಪ್ಪೇ ಒಂದು ಕೆಮಿಕಲ್ ಎಂದು ನಾನು ಸಾರಿನಿಂದ ಮಜ್ಜಿಗೆಯವರೆಗೆ ಪಾಠ ಮಾಡಿದೆ. ಪಂಕ್ತಿಯೆಲ್ಲ ನಕ್ಕಿತು. ಅಂದಿನಿಂದ ಭಾವ ನಮ್ಮ ಹೊಸಿಲು ತುಳಿದಿರಲಿಲ್ಲ. ಹೆಂಡತಿ ಹಬ್ಬಕ್ಕೆ ಊಟದ ಎಲೆ ತೊಳೆಯುವಾಗ ಒಂದು ಹೆಚ್ಚಿಗೆ ತೊಳೆಯುತ್ತಿದ್ದಳು. ನೋಡಿ ನನಗೆ ಸಂಕಟವಾಗುತ್ತಿತ್ತು.

ಅಂಥ ಭಾವ ಮೊನ್ನೆ ತಾವಾಗಿಯೇ ಬರುತ್ತೇನೆಂದರು. ಹೆಂಡತಿ ಹಲ್ಲು ತೋರಿಸಲು ಸಾಗರಕ್ಕೆ ಹೋಗಿದ್ದಳು. ಅಣ್ಣನಿಗೆ ಕಲ್ಲುಸಕ್ಕರೆ ಹಾಕಿ ಕಷಾಯ ಕೊಡಿ ಎಂದು ಫೋನ್ ಮಾಡಿದಳು. ಕಪಾಟಿನಲ್ಲಿ ಒಂದೇ ತರದ ಎರಡು ಬಾಟಲಿ, ಎರಡರಲ್ಲೂ ಬಿಳಿ ಹರಳು. ಒಂದು ಕಲ್ಲುಸಕ್ಕರೆ, ಇನ್ನೊಂದು ಬಾವಿಯ ನೀರು ತಿಳಿಯಾಗಲು ತಂದಿಟ್ಟ ಪಟಿಕ. ಯಾವುದು ಯಾವುದೆಂದು ಕೇಳಿದೆ.

"ಕೆಮಿಸ್ಟ್ರಿ ಮೇಷ್ಟ್ರಲ್ವಾ ನೀವು, ಅಷ್ಟೂ ಗೊತ್ತಾಗಲ್ವಾ?" ಎಂದು ಫೋನ್ ಇಟ್ಟುಬಿಟ್ಟಳು.

ಬೇರೆ ಯಾರಾದರೂ ನೆಕ್ಕಿ ನೋಡುತ್ತಿದ್ದರು. ಆದರೆ ಹರಳನ್ನು ನಾಲಿಗೆಗೆ ಮುಟ್ಟಿಸಬೇಡಿ ಎಂದು ಮಕ್ಕಳಿಗೆ ಗದರುತ್ತಲೇ ತಲೆ ನರೆತವನು ನಾನು. ಅದೂ ಅಲ್ಲದೆ ಕುತೂಹಲ ಹತ್ತಿಕೊಂಡಿತು. ಪಟಿಕ ಅಯಾನಿಕ ಸಂಯುಕ್ತ, ಕರಗಲು ಭಾರಿ ಶಾಖ ಬೇಕು. ಸಕ್ಕರೆ ಆಣ್ವಿಕ, ಬೇಗ ಕರಗುತ್ತದೆ. ಪಾಠದಲ್ಲಿ ಇರುವುದೇ ಹಾಗೆ. ಎರಡು ಚಮಚದಲ್ಲಿ ಒಂದೊಂದು ಚೂರಿಟ್ಟು ಸಣ್ಣ ಉರಿಯ ಮೇಲೆ ಹಿಡಿದೆ. ಒಂದು ನೋಡನೋಡುತ್ತಲೇ ನೀರಾಯಿತು, ಇನ್ನೊಂದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಗೆದ್ದೆ ಎಂದುಕೊಂಡು ಮೊದಲು ಕರಗಿದ್ದನ್ನೇ ಕಷಾಯಕ್ಕೆ ಹಾಕಿದೆ.

ಭಾವ ಒಂದು ಗುಟುಕು ಕುಡಿದರು. ಅವರ ಮುಖವೆಲ್ಲ ಹಿಂಡಿಕೊಂಡಿತು. ಆಗ ನೆನಪಾಯಿತು: ಪಟಿಕದ ಹರಳಿನೊಳಗೆ ನೀರು ಸೇರಿಕೊಂಡಿರುತ್ತದೆ, ಅದಕ್ಕೇ ಅದು ಸಕ್ಕರೆಗಿಂತ ಮೊದಲು ಕರಗುತ್ತದೆ. ಈ ವಿವರಣೆ ಗಂಟಲವರೆಗೆ ಬಂದಿತ್ತು. ಜೀವಮಾನದಲ್ಲಿ ಮೊದಲ ಸಲ ನುಂಗಿಕೊಂಡೆ.

"ತಪ್ಪಾಯ್ತು ಭಾವ," ಎಂದೆ. "ಅವತ್ತಿಂದೂ ಸೇರಿ."

ಅವರು ಬಾಯಿ ಮುಕ್ಕಳಿಸಿ ಬಂದು ಕೂತರು. "ಎಂತ ಭಾವ, ಕದಡಿದ್ದು ತಿಳಿಯಾಗ್ಲಿ ಅಂತ ಪಟಿಕ ಹಾಕಿದ್ರಾ?" ಎಂದು ಹೊಟ್ಟೆ ಹಿಡಿದು ನಕ್ಕರು. ಸಂಜೆ ಹೆಂಡತಿ ಬಂದವಳು, ಇರುವೆ ಮುತ್ತಿದ ಬಾಟಲಿಯನ್ನು ನನ್ನ ಮುಂದಿಟ್ಟು, ಮೂರು ಲೋಟ ಕಷಾಯ ಮಾಡಿದಳು.

ಮರುದಿನ ತರಗತಿಯಲ್ಲಿ, ಅಯಾನಿಕ ಸಂಯುಕ್ತಗಳು 'ಸಾಮಾನ್ಯವಾಗಿ' ಹೆಚ್ಚು ಶಾಖಕ್ಕೆ ಕರಗುತ್ತವೆ ಎಂದೆ. ಹಾಗಾದರೆ ಬೇಗ ಕರಗುವುದು ಯಾವುದು ಸಾರ್ ಎಂದು ಒಬ್ಬಳು ಎದ್ದು ಕೇಳಿದಳು. ಗೊತ್ತಿದ್ದೂ ಸುಮ್ಮನಿದ್ದೆ.