ಮೀಸೆ ಭಾಗ ಮಾತ್ರ

"ಕೂತ್ಕೊ ಗವಿರಂಗ! ಇನ್ಮೇಲೆ ತಿಪಟೂರಲ್ಲಿ ಕತ್ತರಿ ಅನ್ನೋದೆಲ್ಲ ಗುಜರಿಗೇ!" ಎಂದು ತಿಮ್ಮರಾಯ ತನ್ನ ಕ್ಷೌರಯಂತ್ರದ ಬೆನ್ನು ತಟ್ಟಿದ.

ಭಾವನ ಮಾತು ನಂಬಿ ಗವಿರಂಗ ಕೂತ. ಸಂಜೆಯ ನಾಟಕದಲ್ಲಿ ಅವನೇ ದುರ್ಯೋಧನ. ದಸರೆಯಿಂದ ಎಣ್ಣೆ ಹಚ್ಚಿ ಸಾಕಿದ ಮೀಸೆ ನೋಡಿಯೇ ಮೇಷ್ಟ್ರು ಪಾತ್ರ ಕೊಟ್ಟಿದ್ದರು. ತುದಿ ಒಂದಿಷ್ಟು ಸರಿಯಾದರೆ ಸಾಕಿತ್ತು.

ಯಂತ್ರ ಬಲಮೀಸೆಯ ತುದಿ ಕತ್ತರಿಸಿ, ಎಡಕ್ಕೆ ಬಂದು ಗಕ್ಕನೆ ನಿಂತಿತು.

"ಎಡಮೀಸೆ ಭಾಗದಾಗೆ ಏನೋ ತಪ್ಪೈತೆ." ಭಾವ ಯಂತ್ರಕ್ಕೆ ಜೋಡಿಸಿದ್ದ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ. ಪರದೆಯ ಮೇಲೆ ಹನುಮಂತನ ಬಾಲದಂಥ ಪ್ರೋಗ್ರಾಂ. ಎಲ್ಲೋ ನಡುವೆ ಒಂದು ಅಕ್ಷರ ತಿದ್ದಿದ.

"ಮೊದಲಿಂದ ಓಡಿಸು ಭಾವ."

"ಅಷ್ಟುದ್ದ ಯಾವನು ಕಾಯ್ತಾನೆ? ಮೀಸೆ ಭಾಗ ಮಾತ್ರ ಸೆಲೆಕ್ಟ್ ಮಾಡಿ ಓಡಿಸ್ತೀನಿ. ಸಾರಿಗೆ ಉಪ್ಪು ಸಾಲ್ದಿದ್ರೆ ಬೇಳೆ ಮತ್ತೆ ಬೇಯಿಸ್ತಾರೇನ್ಲಾ?"

ಓಡಿಸಿಯೇಬಿಟ್ಟ. 'ಮುಂದಿರುವುದು ಮನುಷ್ಯನ ತಲೆ' ಎಂಬ ಸಾಲು ಓಡದೆ ಮೇಲೆಲ್ಲೋ ಉಳಿಯಿತು. ಆಫ್ ಆದಾಗಲೇ ಹಿಂದಿನದೆಲ್ಲ ಮರೆತಿದ್ದ ಯಂತ್ರಕ್ಕೆ ಆ ಸಾಲಿಲ್ಲದಿದ್ದರೆ ಹಳೆಯ ಕಸುಬೇ ಗತಿ. ಕ್ಷೌರಕ್ಕಿಳಿಯುವ ಮುನ್ನ ಅದು ತೆಂಗಿನಕಾಯಿ ಸುಲಿಯುತ್ತಿತ್ತು!

ಉಕ್ಕಿನ ಕೈ ಗವಿರಂಗನ ತಲೆ ಹಿಡಿದು ಗಡಗಡ ಅಲ್ಲಾಡಿಸಿ ಆಲಿಸಿತು. "ಒಳಗೆ ನೀರಿಲ್ಲ," ಎಂದಿತು.

"ಭಾವಾ! ಇದು ನನ್ ಬುರುಡೆ!"

"ಅಲ್ಲಾಡ್ಬೇಡ್ವೋ, ಅಳತೆ ತಪ್ತದೆ!"

"ಅಲ್ಲಾಡ್ತಿರೋದು ನಾನಾ?!"

ಕರ್ರ್! ಕ್ರಾಪು ಹೋಯಿತು, ಹುಬ್ಬು ಹೋಯಿತು, ಮೀಸೆ ಎಡಬಲದ ಭೇದವಿಲ್ಲದೆ ನಾರಾಗಿ ಉದುರಿತು. ಕಾಯಿಗೆ ಜುಟ್ಟು ಬಿಡಬೇಕೆಂಬ ಶಾಸ್ತ್ರವನ್ನು ಮಾತ್ರ ಯಂತ್ರ ಮರೆಯಲಿಲ್ಲ. ನೆತ್ತಿಯ ಮೇಲೆ ಒಂದು ಹಿಡಿ ಕೂದಲು ಉಳಿಸಿ, ಅದನ್ನೇ ಹಿಡಿದೆತ್ತಿ, ಅವನನ್ನು ಗೋಣಿಚೀಲಕ್ಕೆ ತುರುಕಿ ಚೀಲದ ಬಾಯಿ ಹೊಲಿಯತೊಡಗಿತು!

ಗವಿರಂಗನ ಅಕ್ಕ ಕೆಂಪಮ್ಮ ಒಳಗಿಂದ ಓಡಿಬಂದು ಯಂತ್ರದ ಪ್ಲಗ್ಗು ಕಿತ್ತಳು. "ನಿಮ್ ವಿದ್ಯೆಗಿಷ್ಟು ಬೆಂಕಿ ಹಾಕ! ನನ್ ತಮ್ಮನ್ನ ಕಾಯಿ ಮಂಡಿಗೆ ಕಳಿಸ್ತಿದ್ರಲ್ರೀ!"

ಕೂಗಾಟ ಕೇಳಿ ನಾಟಕದ ಮೇಷ್ಟ್ರೇ ಬಂದರು. ಗೋಣಿಯಿಂದ ಇಣುಕುತ್ತಿದ್ದ ತಲೆಯನ್ನು ಸುತ್ತುಹಾಕಿ ನೋಡಿದರು.

"ಮೀಸೆ ಅಂಟಿಸ್ಬೋದು ಕಣಯ್ಯ. ಹುಬ್ಬೇ ಇಲ್ದಿರೋ ದುರ್ಯೋಧನಂಗೆ ಯಾವನು ಹೆದರ್ತಾನೆ? ಹೆಂಗೂ ಜುಟ್ಟೈತೆ. ನಾರದ ಆಗು."

"ಗದೆ ಹಿಡಿಯೋ ಕೈಗೆ ತಂಬೂರಿಯಾ!" ಎಂದು ಅಬ್ಬರಿಸಿ ಗವಿರಂಗ ಗೋಣಿ ಸಮೇತ ಭಾವನ ಮೇಲೆ ಹಾರಿದ.

ಭಾವ ಪರದೆಯಿಂದ ಕಣ್ಣು ಕೀಳಲಿಲ್ಲ.

"ಯಾಕ್ಲಾ ಕೂಗಾಡ್ತೀಯ? ಎಡಮೀಸೆ, ಬಲಮೀಸೆ ಈಗ ಸರಿಸಮ ತಾನೆ? ನಾ ಓಡಿಸಿದ ಭಾಗದಾಗೆ ತಪ್ಪೇನೈತೆ, ತೋರ್ಸು!"