ಮಾವನವರಿಗೆ ಜೋಡಿ ಜಿಪುಣರ ದರ್ಶನ

"ನೋಡ್ತಾ ಇರು, ಎರಡೇ ಗಂಟೇಲಿ ನಿಮ್ಮಪ್ಪನ ಕೈ ಸಡಿಲ ಮಾಡಿಸ್ತೀನಿ!" ಎಂದು ನನ್ನಾಕೆ ಮುನಿಗಂಗಮ್ಮನ ಮುಂದೆ ನಾನು ಪ್ರತಿಜ್ಞೆ ಮಾಡಿದಾಗ ಭೀಷ್ಮಾಚಾರ್ಯರೂ ಕೊಂಚ ಸರಿದು ಜಾಗ ಬಿಟ್ಟಿರಬೇಕು.

ವಿಷಯ ಇಷ್ಟೇ. ನಮ್ಮ ಪಾಪುವಿಗೆ ಹಾಲು ಬೇಕು. ಸಮೇತನಹಳ್ಳಿಯ ನಮ್ಮ ಮಾವ ಮುನಿವೆಂಕಟಪ್ಪನವರ ಕೊಟ್ಟಿಗೆಯಲ್ಲಿ ಕರೆಯುವ ಹಸು ನಾಲ್ಕಿವೆ. ಒಂದು ಕೊಡಿ ಎಂದರೆ ವರ್ಷದಿಂದ "ನೋಡಾನ" ಎನ್ನುತ್ತಲೇ ಇದ್ದರು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಡಿಸೆಂಬರು. ನಮ್ಮ ಹೊಸಕೋಟೆಯ ಟೆಂಟ್ ಸಿನಿಮಾಕ್ಕೆ ಬೆಂಗಳೂರು ದಂಡಿನಿಂದ ಎರಡು ಇಂಗ್ಲಿಷ್ ಚಿತ್ರ ಬರುವುದಿತ್ತು. ಎರಡಕ್ಕೂ ಕಥೆ ಒಂದೇ: ಜಿಪುಣ ಮುದುಕನೊಬ್ಬ ಕ್ರಿಸ್‌ಮಸ್ ಹಬ್ಬಕ್ಕೆ ಮನಸ್ಸು ಕರಗಿ ಧರ್ಮರಾಯನಾಗುವ ಹಳೇ ಕಥೆ. ಒಂದನ್ನು ಇಂಗ್ಲೆಂಡಿನವರು ತೆಗೆದದ್ದು, ಇನ್ನೊಂದನ್ನು ಅಮೆರಿಕದವರು. ತಲಾ ಮೂರು ಡಬ್ಬಿ ರೀಲು. ಮಿಡ್ಲ್ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರಾದ ನಾನು ಬಿಡುತ್ತೇನೆಯೇ? ರೀಲು ಬದಲಿಸುವ ಹೊತ್ತಿನಲ್ಲಿ ಕನ್ನಡದಲ್ಲಿ ವಿವರಿಸುತ್ತೇನೆ, ಕೊನೆಗೆ ಎರಡನ್ನೂ ತೂಗಿ ತೀರ್ಪು ಕೊಡುತ್ತೇನೆ ಎಂದು ಟೆಂಟಿನವರನ್ನು ಒಪ್ಪಿಸಿದೆ. ಮಾವನವರಿಗೆ ನೆಲದ್ದಲ್ಲ, ಬೆಂಚಿನ ಟಿಕೆಟ್ಟನ್ನೇ ತೆಗೆಸಿದೆ!

ಬಸ್ಸಿನಿಂದ ಡಬ್ಬಿ ಇಳಿಸಿ ತರುವ ಗೌರವವನ್ನೂ ನಾನೇ ವಹಿಸಿಕೊಂಡೆ. ಅದೇ ತಪ್ಪಾಯಿತು. ಜಟಕಾ ಗುಂಡಿಗೆ ಇಳಿಯಿತು, ಆರೂ ಡಬ್ಬಿ ರಸ್ತೆಗುರುಳಿ ಬಾಯಿ ಬಿಟ್ಟವು. ಯಾವ ರೀಲು ಯಾವ ಡಬ್ಬಿಯದೋ! ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ತುಂಬಿದೆ.

"ಸರಿಯಾಗಿ ತುಂಬಿದೀರಾ ಸಾ?" ಎಂದ ಆಪರೇಟರ್ ಪಿಳ್ಳಣ್ಣ.

"ಇಂಗ್ಲಿಷ್ ಮೇಷ್ಟ್ರನ್ನೇ ಕೇಳ್ತೀಯೇನಯ್ಯಾ?"

ಆಟ ಶುರುವಾಯಿತು. ದಪ್ಪ ಮುದುಕನೊಬ್ಬ ಬೀದಿ ಮಕ್ಕಳಿಗೆಲ್ಲ ತಿಂಡಿ, ಬಟ್ಟೆ ಹಂಚುತ್ತಿದ್ದಾನೆ. ಕೊನೆಯಲ್ಲಿ ಬರಬೇಕಾದ ದಾನ ಮೊದಲನೇ ರೀಲಿನಲ್ಲೇ! ರೀಲು ಅದಲುಬದಲಾಗಿತ್ತು. ಆದರೂ ಎದ್ದು ನಿಂತು, "ಮಹಾಜನಗಳೇ, ಈತ ಮಹಾ ದಾನಿ!" ಎಂದೆ.

ಎರಡನೇ ರೀಲಿನಲ್ಲಿ ಕಡ್ಡಿಯಂಥ ಬೇರೊಬ್ಬ ಮುದುಕ! ಇಂಗ್ಲೆಂಡಿನ ಜಿಪುಣ ದಪ್ಪ, ಅಮೆರಿಕದ ಜಿಪುಣ ಬಡಕಲು. ನನ್ನ ತುಲನೆ ಅಷ್ಟಕ್ಕೇ ಮುಗಿಯಿತು.

"ಮೇಷ್ಟ್ರೇ, ಇವನ್ಯಾರು?" ಎಂದು ಹೆಂಗಸರ ಕಡೆಯಿಂದ ಯಾರೋ ಕೂಗಿದರು.

ತಪ್ಪೊಪ್ಪಿಕೊಂಡಿದ್ದರೆ ಬದುಕುತ್ತಿದ್ದೆ. "ಅವನೇ ಇವನು! ಸೊರಗಿದ್ದಾನೆ!" ಎಂದುಬಿಟ್ಟೆ.

"ಯಾಕ್ ಸೊರಗ್ದ?"

"ಇದ್ದದ್ದೆಲ್ಲ ಕೊಟ್ಟು!"

ಬೆಂಚಿನ ಮೇಲೆ ಒರಗಿದ್ದ ಮಾವನವರು ನೆಟ್ಟಗೆ ಕೂತರು.

ಆಮೇಲಿನ ರೀಲುಗಳಲ್ಲಿ ಆ ಬಡಕಲು ಮುದುಕ ಬಾಗಿಲಿಗೆ ಬಂದ ನೆಂಟರಿಷ್ಟರನ್ನೆಲ್ಲ ಕೋಲು ಹಿಡಿದು ಅಟ್ಟಿದ. ಕೊನೆಯ ರೀಲಿನಲ್ಲಿ ದಪ್ಪ ಮುದುಕ ಪುನಃ ಪ್ರತ್ಯಕ್ಷನಾಗಿ, ಬಾಗಿಲಿಗೆ ಅಗುಳಿ ಹಾಕಿಕೊಂಡು, ಒಬ್ಬನೇ ಕೂತು ಹೊಟ್ಟೆ ತುಂಬ ಉಂಡ. ದೀಪ ಹತ್ತಿತು.

"ಕೈ ಬಿಗಿ ಮಾಡ್ದ, ಮೈ ತುಂಬ್ಕೊಂತು ನೋಡ್ರಲಾ!" ಎಂದು ಯಾರೋ ಕೂಗಿದರು. ಇಡೀ ಟೆಂಟು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ನಮ್ಮ ಮಾವನವರು!

ಬೆಳಿಗ್ಗೆ ಅವರು ಪೇಟ ಸುತ್ತಿಕೊಂಡು ಹೊರಟರು.

"ಒಳ್ಳೆ ಸಿನಿಮಾ ತೋರಿಸಿದ್ರಿ ಅಳಿಯಂದಿರೇ! ಮಗೀಗೆ ಹಾಲಿಗಾಯ್ತದೆ, ಕೊಟ್ಬಿಡಾನ ಅಂತ ಹಸಾನ ಹಿಡ್ಕೊಂಡೇ ಬಂದಿದ್ದೆ. ಇಲ್ಲೇ ನಿಮ್ಮ ಪಕ್ಕದ ಬೀದಿ ಲಕ್ಷ್ಮಯ್ಯನ ಕೊಟ್ಟಿಗೇಲಿ ಕಟ್ಟಿವ್ನಿ. ಸಮಯಕ್ಕೆ ಸರಿಯಾಗಿ ಬುದ್ಧಿ ಹೇಳಿದ್ರಿ!"

ಸ್ವಲ್ಪ ಹೊತ್ತಿಗೆ ಹಸು ನಮ್ಮ ಬಾಗಿಲ ಮುಂದೆಯೇ ಹಾದು ಸಮೇತನಹಳ್ಳಿಯ ದಾರಿ ಹಿಡಿಯಿತು. ಕೆಚ್ಚಲು ತುಂಬಿದ ಹಸು, ಹಿಂದೆ ಮುದ್ದಾದ ಕರು. ನನಗೆ ಅಳು ಬಂತು. ಮುನಿಗಂಗಮ್ಮನಿಗೆ, ಅವಳ ಪುಣ್ಯ ದೊಡ್ಡದು, ನಗು ಬಂತು. ಪಾಪುವನ್ನು ಸೊಂಟಕ್ಕೇರಿಸಿಕೊಂಡು, ಖಾಲಿ ಚೊಂಬನ್ನು ನನ್ನ ಕೈಗಿಟ್ಟಳು.

"ಓಡಿ! ಒಂದು ಚೊಂಬು ಹಾಲಾದ್ರೂ ಕರೆಸ್ಕೊಂಡು ಬನ್ನಿ. ಅಪ್ಪ ಏನು ಕೇಳಿದ್ರೂ ವಿವರಣೆ ಮಾತ್ರ ಕೊಡ್ಬೇಡಿ!"