ಎಐ ಸಲಹೆಗಾರ್ತಿಗೆ ಬೇಕಾಗಿದ್ದ ಒಬ್ಬ ಗಿರಾಕಿ

ಇಂಥ ಫಜೀತಿಗಳೆಲ್ಲ ವಿಳಾಸ ಹುಡುಕಿಕೊಂಡು ನನ್ನ ಹತ್ತಿರವೇ ಬರುತ್ತವೆ, ನಾನೇನು ಮಾಡಲಿ. ದೆಹಲಿಯ ಸಚಿವಾಲಯವೊಂದರಲ್ಲಿ ಇಪ್ಪತ್ತಾರು ವರ್ಷ ಜನರ ಅರ್ಜಿಗಳಿಗೆ ಉತ್ತರ ಬರೆದು, ಸ್ವಯಂ ನಿವೃತ್ತಿ ಪಡೆದು, ಎಐ ಸಲಹೆಗಾರ್ತಿಯಾಗಲು ಹೊರಟವಳು ನಾನು. ನಮ್ಮ ಯಜಮಾನರು ಗಡುವು ಕೊಟ್ಟರು: ದೀಪಾವಳಿಯೊಳಗೆ ಒಬ್ಬನಾದರೂ ಗಿರಾಕಿ ಸಿಗಬೇಕು, ಇಲ್ಲದಿದ್ದರೆ ಹಳೆಯ ಕಚೇರಿಗೇ ಗುತ್ತಿಗೆಯ ಮೇಲೆ ವಾಪಸ್. ಅಲ್ಲಿನ ಸಾಹೇಬರು ನನ್ನ ಕುರ್ಚಿಯನ್ನು ಖಾಲಿಯೇ ಇಟ್ಟಿದ್ದರು. ಅದನ್ನು ನೆನೆದರೇ ನನಗೆ ಬೆನ್ನು ನೋಯುತ್ತಿತ್ತು.

ಮೊದಲ ಪ್ರಶ್ನೆ

ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನಲ್ಲಿ ಕೂತು ಎಐಗೆ ಮೊದಲ ಪ್ರಶ್ನೆ ಟೈಪ್ ಮಾಡಿದೆ. ಉತ್ತರಕ್ಕೆ ಹೇಗೂ ದಿನಗಟ್ಟಲೆ ಬೇಕೆಂದು ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ತರಕಾರಿ ತರಲು ಎದ್ದೆ.

"ಅಮ್ಮಾ, ಎಲ್ಲಿಗೆ? ಜವಾಬ್ ಆಗಲೇ ಬಂದಿದೆ," ಎಂದಳು ಮಗಳು.

"ಕಳಿಸಿ ಎರಡು ಸೆಕೆಂಡೂ ಆಗಿಲ್ಲ."

"ಅದು ಹಾಗೇ, ಯಾರ್. ಫಟಾಫಟ್."

"ಅಷ್ಟು ಬೇಗ ಉತ್ತರ ಬಂದಿದೆ ಅಂದ್ರೆ ಓದಿಲ್ಲ ಅಂತ ಅರ್ಥ."

ಓದದೆಯೇ ‘ಮರುಪರಿಶೀಲಿಸಿ’ ಎಂದು ವಾಪಸ್ ಕಳಿಸಿದೆ. ಅದು ಕ್ಷಮೆ ಕೇಳಿ ಬೇರೆ ಉತ್ತರ ಕೊಟ್ಟಿತು. ಇಪ್ಪತ್ತಾರು ವರ್ಷಗಳಲ್ಲಿ ಯಾವ ವಿಭಾಗವೂ ನನ್ನ ಕ್ಷಮೆ ಕೇಳಿರಲಿಲ್ಲ. ಇದೇ ನನ್ನ ವೃತ್ತಿ ಎಂದು ಅವತ್ತೇ ನಿರ್ಧರಿಸಿದೆ.

ಪೀತಮ್‌ಪುರದ ಸೀರೆ ಅಂಗಡಿ

ಅಂಗಡಿಗೆ ಬಂದವರಲ್ಲಿ ಯಾರು ಕೊಳ್ಳುತ್ತಾರೆ, ಯಾರು ಬರೀ ನೋಡಿ ಹೋಗುತ್ತಾರೆ ಎಂದು ಎಐ ಮೊದಲೇ ಹೇಳಬಲ್ಲದು ಎಂದು ಮಾಲೀಕರಿಗೆ ವಿವರಿಸಿದೆ.

"ಅದು ನನಗೇ ಗೊತ್ತಲ್ಲ ಮೇಡಂ," ಎಂದರು ಅವರು.

"ಹೇಗೆ?"

"ಹೆಂಗಸರು ಕೂತರೆ ಕೊಳ್ತಾರೆ. ಗಂಡ ಮೊದಲು ಕೂತರೆ ಕೊಳ್ಳಲ್ಲ. ಚಹಾ ಕುಡಿದರೆ ಖಂಡಿತ ಕೊಳ್ತಾರೆ."

ನನಗೆ ಇದು ಹೊಸದು. ಪುಸ್ತಕ ತೆಗೆದು ಬರೆದುಕೊಳ್ಳುತ್ತಾ ಹೋದೆ. ಅವರು ಒಂದು ಗಂಟೆ ಪಾಠ ಮಾಡಿದರು. ಇನ್ನೂ ಸಲಹೆ ಬೇಕಾದರೆ ಸಂಕೋಚವಿಲ್ಲದೆ ಬನ್ನಿ ಎಂದು ಅವರೇ ನನಗೆ ಕಾರ್ಡ್ ಕೊಟ್ಟರು.

ಸೀರೆ ಹಿಡಿದು ಹೊರಬಂದೆ. ಕೂತಿದ್ದೆ, ಚಹಾನೂ ಕುಡಿದಿದ್ದೆ.

ಲಕ್ಷ್ಮೀ ನಗರದ ಕೋಚಿಂಗ್

ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ಕೋಚಿಂಗ್ ಸೆಂಟರ್ ಒಂದರ ಮಾಲೀಕರು ಪೋಷಕರ ಪ್ರಶ್ನೆಗಳಿಗೆ ಉತ್ತರಿಸುವ ಎಐ ಬೇಕೆಂದರು. ಮೊದಲು ತೋರಿಸಿ, ಹಿಡಿಸಿದರೆ ಆರ್ಡರ್. ಅದಕ್ಕೆ ಒಳ್ಳೆಯ ಉತ್ತರಗಳ ಮಾದರಿ ಕೊಟ್ಟು ಕಲಿಸಬೇಕು. ನನಗೆ ಗೊತ್ತಿದ್ದ ಒಳ್ಳೆಯ ಉತ್ತರಗಳೆಂದರೆ ಕಚೇರಿಯಲ್ಲಿ ಬರೆದವು. ಅದೇ ಧಾಟಿಯಲ್ಲಿ ಇನ್ನೂರು ಬರೆದು ಕಲಿಸಿ, ತೋರಿಸಲು ಹೋದೆ.

ಒಬ್ಬ ತಂದೆ ಸಿಟ್ಟಿನಿಂದಲೇ ಬಂದು ಟೈಪ್ ಮಾಡಿದರು: ‘ನನ್ನ ಮಗ ಇವತ್ತು ಕ್ಲಾಸಿಗೆ ಬಂದಿದ್ದಾನಾ?’

ಪರದೆಯ ಮೇಲೆ ಉತ್ತರ ಬಂತು: ‘ತಮ್ಮ ಪುತ್ರನ ವಿಷಯ ಗಮನಕ್ಕೆ ಬಂದಿದೆ. ಪರಿಶೀಲನೆಯಲ್ಲಿದೆ. ಸೂಕ್ತ ನಿರ್ಧಾರವನ್ನು ಯಥಾಕಾಲದಲ್ಲಿ ತಿಳಿಸಲಾಗುವುದು.’

ಆರ್ಡರ್ ಹೋಯಿತೆಂದು ಚೀಲ ಎತ್ತಿಕೊಂಡೆ. ಆದರೆ ಆ ತಂದೆ ಎರಡು ಸಲ ಓದಿ, "ಅಚ್ಛಾ," ಎಂದು ಪರದೆಗೆ ಕೈಮುಗಿದು ಹೋದರು. ಕ್ಲಾಸಿನಲ್ಲಿ ಫ್ಯಾನ್ ತಿರುಗುವುದಿಲ್ಲ ಎಂದು ಜಗಳಕ್ಕೆ ಬಂದಿದ್ದ ತಾಯಿಯೂ ಹಾಗೆಯೇ ತೆಪ್ಪಗೆ ಹೊರಟರು.

ಮಾಲೀಕರು ಕಣ್ಣರಳಿಸಿದರು. "ಮೇಡಂ, ಇವರೆಲ್ಲ ದಿನಾ ನನ್ನ ಕಾಲರ್ ಹಿಡೀತಾರೆ. ಕಮಾಲ್ ಮಾಡಿದ್ರಿ."

"ಹಾಗಾದ್ರೆ ಆರ್ಡರ್ ಯಾವಾಗ ಕೊಡ್ತೀರಿ?" ಎಂದೆ.

"ಅದನ್ನೂ ಈ ಎಐನೇ ಕೇಳೋಣ," ಎಂದು ಅವರೇ ಟೈಪ್ ಮಾಡಿದರು.

ತಮ್ಮ ಪ್ರಸ್ತಾವನೆ ಪರಿಶೀಲನೆಯಲ್ಲಿದೆ ಎಂದು ಬಂತು. ಮಾಲೀಕರು ನನಗೆ ಕೈಮುಗಿದು ಬಾಗಿಲು ತೋರಿಸಿದರು. ಈ ವಾಕ್ಯವನ್ನು ನಾನು ಎಷ್ಟು ಸಾವಿರ ಜನಕ್ಕೆ ಕಳಿಸಿದ್ದೆನೋ; ಪಡೆದವರಿಗೆ ಹೇಗಾಗುತ್ತದೆ ಎಂದು ಅವತ್ತು ಗೊತ್ತಾಯಿತು. ನಾಚಿಕೆಯಾಯಿತು.

ಆರ್ಡರ್ ಬರಲೇ ಇಲ್ಲ; ಹಬ್ಬ ಕಳೆದ ಸೋಮವಾರ ಹಳೆಯ ಕುರ್ಚಿಯಲ್ಲಿ ಕೂತೆ. ಇನ್ನು ಯಾರನ್ನೂ ಹಾಗೆ ಸತಾಯಿಸಬಾರದೆಂದು, ಮೊದಲ ಅರ್ಜಿಗೆ ನೇರವಾಗಿ ಬರೆದೆ: ‘ಇದು ಆಗುವುದಿಲ್ಲ. ಕಾಯಬೇಡಿ.’

ಹತ್ತೇ ನಿಮಿಷದಲ್ಲಿ ಸಾಹೇಬರು ಕರೆದರು.

"ಏನ್ ಮೇಡಂ, ಇಷ್ಟು ವರ್ಷ ಸರ್ವಿಸ್ ಮಾಡಿದವರು ಹೀಗೆ ಬರೀತಾರಾ? ನಿಮಗೆ ಆಗದಿದ್ರೆ ಎಐ ಕೈಲಿ ಬರೆಸಿ. ಲಕ್ಷ್ಮೀ ನಗರದಲ್ಲಿ ಯಾವುದೋ ಕೋಚಿಂಗ್‌ನವರು ಇಟ್ಕೊಂಡಿದ್ದಾರಂತೆ, ನಮ್ಮ ಥರಾನೇ ಬರೆಯುತ್ತಂತೆ."